ಐತಾಳರ ಮೂಗು ಮತ್ತು ಮೂವತ್ತೊಂದು ದೇಶ

ಆ ಮಧ್ಯಾಹ್ನ ಕುಂದಾಪುರದ ನಮ್ಮ ಆಫೀಸಿನ ಕೋಣೆಯಲ್ಲಿ ನಾಲ್ಕು ಜನ ಇದ್ದೆವು. ಮೇಜಿನ ಆ ಕಡೆ ವಕೀಲ ವಾಸುದೇವ ಐತಾಳರು. ಈ ಕಡೆ ವಂಡ್ಸೆಯ ಗೇರುಬೀಜ ಕಾರ್ಖಾನೆಯ ಒಡತಿ ಗಿರಿಜಕ್ಕ. ಅವರ ಪಕ್ಕದಲ್ಲಿ, ಕುರ್ಚಿ ಕೊಟ್ಟರೂ ಅರ್ಧಕ್ಕೆ ಮಾತ್ರ ಕೂತಿದ್ದ ಲಚ್ಚಕ್ಕ, ಅದೇ ಕಾರ್ಖಾನೆಯ ಹಳೆಯ ಕೆಲಸಗಾರ್ತಿ. ಬಾಗಿಲ ಬಳಿ ಪುಸ್ತಕ ಪೆನ್ನು ಹಿಡಿದುಕೊಂಡು ನಾನು, ಐತಾಳರ ಜೂನಿಯರ್. ಮೇಜಿನ ನಡುವೆ ಒಂದು ತಗಡಿನ ಡಬ್ಬ. ಐತಾಳರು ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ಕಣ್ಣು ಮುಚ್ಚಿ, ತಮ್ಮ ಮೂಗನ್ನು ನಿಧಾನವಾಗಿ ಡಬ್ಬದೊಳಗೆ ಇಳಿಸಿದರು.

ಆ ಮೂಗಿನ ಬಗ್ಗೆ ಮೊದಲು ಹೇಳಬೇಕು. ಗಿಳಿಯ ಕೊಕ್ಕಿನ ಹಾಗೆ ಬಾಗಿದ ಉದ್ದ ಮೂಗು. ನಮ್ಮ ಆಫೀಸು ಮಹಡಿಯಲ್ಲಿ, ಕೆಳಗೆ ಹೋಟೆಲು. ಸಾಲಿಗ್ರಾಮದಿಂದ ಬಂದ ಬಸ್ಸು ಇಳಿದು, ಮೆಟ್ಟಿಲು ಹತ್ತುವಾಗಲೇ ಅವರು ನನಗೆ ಕೂಗಿ ಹೇಳುತ್ತಿದ್ದರು: "ಹ್ವಾಯ್ ಸುಮಿತ್ರಾ, ಇವತ್ತ್ ಗೋಳಿಬಜೆ ತರ್ಸ್‌ಬ್ಯಾಡ. ಎಣ್ಣೆ ನಿನ್ನೆದ್ದ್." ಹೋಟೆಲಿನವರಿಗೆ ಈ ಮೂಗಿನ ಹೆದರಿಕೆ ತಹಶೀಲ್ದಾರರ ಹೆದರಿಕೆಗಿಂತ ಹೆಚ್ಚು. ಕಕ್ಷಿಗಾರ ಕೊಡುವ ಹಳೆಯ ದಸ್ತಾವೇಜನ್ನು ಓದುವ ಮೊದಲು ಒಮ್ಮೆ ಮೂಸುತ್ತಿದ್ದರು. "ಇದ್ ಅಜ್ಜನ್ ಕಾಲದ್ ಕಾಗ್ದ ಅಲ್ಲ, ಚಾಪುಡಿ ನೀರಗೆ ಅದ್ದದ್ದ್" ಎಂದು ಒಬ್ಬನನ್ನು ಮೆಟ್ಟಿಲಿಳಿಸಿ ಕಳಿಸಿದ್ದನ್ನು ನಾನೇ ಕಂಡಿದ್ದೇನೆ.

ಮೂಗಿನಷ್ಟೇ ಹೆಸರಾದದ್ದು ಅವರ ಗೋಡೆ. ಕುರ್ಚಿಯ ಹಿಂದೆ ಯಕ್ಷಗಾನದ ಪೋಸ್ಟರುಗಳನ್ನು ಮಗುಚಿ, ಅಂಟಿಸಿ ಅಂಟಿಸಿ ಗೋಡೆಯಷ್ಟು ಅಗಲ ಮಾಡಿದ ಒಂದು ಕಾಗದ. ಅದರ ಬಿಳಿಯ ಬೆನ್ನ ಮೇಲೆ ಕೆಂಪು, ನೀಲಿ ಶಾಯಿಯಲ್ಲಿ ಮೂವತ್ತೊಂದು ದೇಶಗಳ ಸಾಲು. ಒಂದು ದೇಶದ ವ್ಯಾಪಾರಿಗೂ ಇನ್ನೊಂದು ದೇಶದ ವ್ಯಾಪಾರಿಗೂ ಜಗಳ ಬಂದರೆ ಕೋರ್ಟಿಗೆ ಹೋಗದೆ ಪಂಚರ ಮುಂದೆ ತೀರಿಸಿಕೊಳ್ಳುವ ಪದ್ಧತಿ ಉಂಟಲ್ಲ, ಪುಸ್ತಕದಲ್ಲಿ ಅದಕ್ಕೆ ಆರ್ಬಿಟ್ರೇಷನ್, ನಮ್ಮ ಬಾಯಲ್ಲಿ ಪಂಚಾತಿಕೆ, ಅದಕ್ಕೆ ಯಾವ ದೇಶದ ಕಾನೂನು ಏನು ಹೇಳುತ್ತದೆ ಎಂಬ ಹೋಲಿಕೆ ಅದು. ಪಂಚರು ಎಷ್ಟು ಜನ, ಅವರನ್ನು ನೇಮಿಸುವವರು ಯಾರು, ತೀರ್ಪು ಒಪ್ಪದಿದ್ದರೆ ಎಷ್ಟು ದಿನದೊಳಗೆ ಕೋರ್ಟಿನ ಬಾಗಿಲು ತಟ್ಟಬೇಕು, ಎಲ್ಲಕ್ಕೂ ಒಂದೊಂದು ಕಾಲಂ. ಗದ್ದೆಯ ಗಡಿ, ಬಾವಿಯ ದಾರಿ, ಪಾಲುಪಟ್ಟಿಗಳ ಕುಂದಾಪುರದಲ್ಲಿ ಇದನ್ನು ಕೇಳಿ ಬರುವವರು ಯಾರು? ಬಾರ್ ಅಸೋಸಿಯೇಷನ್ನಿನಲ್ಲಿ ತಮಾಷೆ: "ಐತಾಳ್ರ್ ಸ್ವೀಡನ್ನಗ್ ಗೆದ್ದ್ರ್ ಅಂಬ್ರ್, ಕೋಟೇಶ್ವರದಗೆ ವಾಯಿದೆ ತಕಂಡ್ರ್ ಅಂಬ್ರ್!"

ಐತಾಳರು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಆದರೆ ಆ ಗೋಡೆ ಹುಟ್ಟಿದ್ದು ನಗುವಿನಿಂದಲ್ಲ. ಅವರು ಹೊಸದಾಗಿ ಕರಿಕೋಟು ಹಾಕಿದ ಕಾಲದಲ್ಲಿ ಬ್ರಹ್ಮಾವರದ ಕಡೆಯ ಹೆಂಚಿನ ವ್ಯಾಪಾರಿಯೊಬ್ಬರು ಪರದೇಶದ ಕರಾರು ತಂದು ಸಹಿ ಹಾಕಬಹುದೇ ಎಂದು ಕೇಳಿದರಂತೆ. ಕೊನೆಯ ಪುಟದ ಸಣ್ಣಕ್ಷರ ಓದದೆ ಐತಾಳರು "ಅಡ್ಡಿಲ್ಲ, ಹಾಕಿ" ಅಂದುಬಿಟ್ಟರು. ಜಗಳ ಬಂದಾಗ ನೋಡಿದರೆ ಪಂಚಾತಿಕೆಯ ಊರು ಸ್ಟಾಕ್‌ಹೋಮ್! ಆ ಹಿರಿಯರು ನೆಂಟರ ಸ್ವೆಟರು ಕೇಳಿ ತಂದು ಹಾಕಿಕೊಂಡು ಹೋದರು, ಸೋತು ಬಂದರು. ಬೈಯಲಿಲ್ಲ. "ಐತಾಳ್ರೆ, ಅಲ್ಲಿ ಹಗ್ಲ್ ಮೂರ್ ಗಂಟಿಗೇ ಕತ್ಲೆ ಆತ್ತ್ ಮರ್ರೆ" ಎಂದಷ್ಟೇ ಹೇಳಿದರಂತೆ.

"ಬೈದಿರೆ ಮರೀತಿದ್ದೆ ಹೆಣ್ಣೆ" ಎಂದು ಐತಾಳರು ನನಗೆ ಹೇಳಿದ್ದರು. "ಬೈಲಿಲ್ಲೆ ಕಾಣ್. ಇನ್ನ್ ಈ ಮೆಟ್ಲ್ ಹತ್ತಿ ಬಂದವ್ರನ್ನ್ ಗೊತ್ತಿಲ್ದೆ ಪರ್‌ಊರಿನ ಚಳಿಗ್ ಕಳ್ಸುಕಾಗ. ಅಷ್ಟೇ."

ಅವರು ಪಾಠ ಹೇಳುವುದು ಊಟದ ಹೊತ್ತಿಗೆ. ಬುತ್ತಿಯ ಮುಚ್ಚಳ ತೆಗೆದ ಕೂಡಲೇ ಶುರು. "ಕಾನೂನ್ ಅಂದ್ರೆ ಹುಳಿ ಇದ್ದಂಗೆ. ದೇಶದೇಶದವ್ರ್ ಕೂಕಂಡ್ ಮಾದರಿ ಕಾನೂನ್ ಅಂದ್ಹೇಳಿ ಒಂದ್ ಪಾಕ ಬರ್ದಿರ್. ಸುಮಾರ್ ಜನ ಅದ್ನೇ ತಕಂಡ್ ಹೋಯಿರ್. ಆರೆ ಮನಿಗ್ ಹೋಯಿ ಒಬ್ಬ ಬೆಲ್ಲ ಹಾಕ್ತ, ಒಬ್ಬ ಇಂಗ್ ಹಾಕ್ತ. ಪಂಚರ್ ಎಷ್ಟ್ ಜನ ಅಂದ್ಹೇಳಿ ಕರಾರಗೆ ಬರೀದೇ ಇದ್ರೆ ಮಾದರಿ ಪಾಕದಗೆ ಮೂರ್ ಜನ. ನಮ್ಮಲ್ಲಿ ಒಬ್ಬ. ಸಿಂಗಾಪುರದಗೂ ಒಬ್ಬ. ತೀರ್ಪ್ ಸಮ ಇಲ್ಲೆ ಅಂದ್ಹೇಳುಕೆ ಇಂಗ್ಲೆಂಡಗೆ ಇಪ್ಪತ್ತೆಂಟ್ ದಿನ, ನಮ್ಮಲ್ಲಿ ಮೂರ್ ತಿಂಗ್ಳ್."

"ಫ್ರಾನ್ಸು, ಸಾರ್?" ಎಂದು ನಾನು ಬೇಕೆಂದೇ ಕೆಣಕುತ್ತಿದ್ದೆ. ಫ್ರಾನ್ಸೆಂದರೆ ಅವರಿಗೆ ವಿಶೇಷ ಪ್ರೀತಿ.

"ಅದ್ ಗಟ್ಟಿ ಅತ್ತೆ ಮಾರಾಯ್ತಿ! ನೆರಮನಿಯವ್ರ್ ಹಳ್ಸಿತ್ ಅಂದ್ಹೇಳಿ ಚೆಲ್ಲುಕೆ ತೆಗ್ದಿಟ್ಟ ಹುಳಿನ, ತಾನ್ ರುಚಿ ಕಂಡೇ ಹೇಳ್ತೆ ಅಂತ್ಳ್. ತೀರ್ಪ್ ಆದ ದೇಶದ್ ಕೋರ್ಟೇ ಅದನ್ನ ರದ್ದ್ ಮಾಡಿರೂ ಫ್ರಾನ್ಸಗೆ ಜಾರಿ ಆಪುದ್ ಇತ್ತ್!"

ಮೂವತ್ತೊಂದು ಸಾಲಿನಲ್ಲಿ ಒಂದರಂತೆ ಇನ್ನೊಂದಿಲ್ಲ. ಆದರೆ ಒಂದೇ ಒಂದು ಕಾಲಮಿನಲ್ಲಿ ಮೇಲಿನಿಂದ ಕೆಳಗಿನವರೆಗೂ ಅವರು ಒಂದೇ ಮಾತು ಬರೆದಿದ್ದರು: 'ಇಬ್ಬರನ್ನೂ ಸಮ ಕಾಣಬೇಕು, ಇಬ್ಬರ ಮಾತೂ ಕೇಳಬೇಕು.' ಮೂವತ್ತೊಂದು ಸಲ ಬರೆಯುವ ಬದಲು 'ಮೇಲಿನಂತೆ' ಎಂದು ಹಾಕಬಹುದಿತ್ತಲ್ಲ ಎಂದರೆ, "ಬರೀತಾ ಬರೀತಾ ನಂಗೇ ಪಾಠ ಆಯ್ಲಿ" ಅನ್ನುತ್ತಿದ್ದರು.

ಇಂಥ ಗೋಡೆಯ ಕೆಳಗೆ ಒಂದು ದಿನ ಗಿರಿಜಕ್ಕ ಬಂದು ಕೂತರು. ಕೈಯಲ್ಲಿ ಹಾಲೆಂಡಿನ ಪೀಟರ್ ಎಂಬ ವ್ಯಾಪಾರಿಯ ಪತ್ರ. ವಂಡ್ಸೆಯಿಂದ ಹೋದ ಮೊದಲನೇ ಪರದೇಶದ ಸರಕು ಅದು. ಕಾರ್ಖಾನೆಯ ಹೆಂಗಸರೆಲ್ಲ ಲಾರಿಗೆ ಹೂವು ಮುಡಿಸಿ ಕಳಿಸಿದ್ದರು. ಈಗ ಪೀಟರ್ ಬರೆದಿದ್ದಾನೆ: ಬೀಜಕ್ಕೆ ಕಡಲಿನ ವಾಸನೆ ಬರುತ್ತದೆ, ಸರಕು ಬೇಡ.

"ಹಡ್ಗಗೆ ಹೋದ್ದ್ ಕಡ್ಲಿನ ವಾಸ್ನೆ ಬಾರ್ದೆ ಮಲ್ಲಿಗಿ ವಾಸ್ನೆ ಬತ್ತಾ ಐತಾಳ್ರೆ?" ಗಿರಿಜಕ್ಕನ ಕಣ್ಣು ಕೆಂಪಾಗಿತ್ತು. "ಈ ಸಲ ಹೆಸ್ರ್ ಕೆಟ್ರೆ ಮತ್ತ್ ಯಾವ್ ದೇಶದವ್ರೂ ನಮ್ ಬೀಜ ಮುಟ್ಟುದಿಲ್ಲೆ. ಐವತ್ತ್ ಹೆಂಗ್ಸ್ರ್ ಇದ್ರ್ ನನ್ನ್ ಹತ್ರ. ಅವ್ರಿಗ್ ಎಂತ ಹೇಳುದ್?"

ಕರಾರಿನಲ್ಲಿ ಜಗಳವಾದರೆ ಪಂಚಾತಿಕೆ ಎಂದಿತ್ತು. ಯಾವ ಊರಲ್ಲಿ ಎಂಬ ಜಾಗ ಖಾಲಿ. "ಗೊತ್ತಾಯ್ಲಿಲ್ಲೆ, ಖಾಲಿ ಬಿಟ್ಟೆ" ಎಂದರು ಗಿರಿಜಕ್ಕ. ಆ ಖಾಲಿ ಗೆರೆ ಕಂಡು ಐತಾಳರ ಮುಖ ಅರಳಿದ್ದನ್ನು ನಾನು ಮರೆಯಲಾರೆ. ಇಷ್ಟು ವರ್ಷ ಗೋಡೆಗೆ ಹೇಳಿದ ಪಾಠಕ್ಕೆ ಕೊನೆಗೂ ಒಬ್ಬರು ಕೇಳುವವರು!

ಮುಂದಿನ ಎರಡು ವಾರ ಆಫೀಸಿಗೆ ಹಬ್ಬ. ಐತಾಳರು ಕುರ್ಚಿ ಹತ್ತಿ ಒಂದೊಂದು ದೇಶವನ್ನೂ ಅಳೆದರು. ಹಾಲೆಂಡು ಬೇಡ, ಎದುರಿನವನ ಅಂಗಳ. ನಮ್ಮ ದೇಶಕ್ಕೆ ಅವನು ಒಪ್ಪಲಿಕ್ಕಿಲ್ಲ. ಕೊನೆಗೆ ಬೆರಳು ನಿಂತದ್ದು ಇಬ್ಬರೂ ಒಪ್ಪಬಹುದಾದ ಇಂಗ್ಲೆಂಡಿನ ಸಾಲಿನ ಮೇಲೆ, ಊರು ಲಂಡನ್. ಅಲ್ಲಿ ಧಾನ್ಯ, ಬೀಜಗಳ ವ್ಯಾಪಾರಿಗಳ ನಡುವೆ ಒಂದು ಹಳೆಯ ಕ್ರಮವಿದೆಯಂತೆ: ಪಂಚನಾಗಿ ಬರುವವನು ಅದೇ ಕಸುಬಿನವನು, ಉದ್ದುದ್ದ ವಾದ ಬೇಡ, ಸರಕನ್ನು ಕಣ್ಣಲ್ಲಿ ನೋಡಿ, ಮೂಗಲ್ಲಿ ಮೂಸಿ ತೀರ್ಪು ಹೇಳುವುದು.

"ಮೂಸಿ ತೀರ್ಪ್ ಕೊಡುದ್ ಸುಮಿತ್ರಾ! ನಾನ್ ಹುಟ್ಟುಕೆ ಊರೇ ತಪ್ಪಿತ್!" ಎಂದು ಕುಣಿದಾಡಿದರು. ಎಪ್ಪತ್ತು ದಾಟಿದ ಮೇಲೆ ಪಾಸ್‌ಪೋರ್ಟ್ ಮಾಡಿಸಿದರು. ಅಂಗಡಿಗೆ ಹೋಗಿ ಮರೂನು ಬಣ್ಣದ ದಪ್ಪ ಸ್ವೆಟರು ತಂದರು. ಹಾಕಿ ನೋಡಿ, ಬೆವರು ಒರೆಸಿಕೊಂಡು, "ಅಡ್ಡಿಲ್ಲ" ಎಂದರು.

ಹೋಗುವ ಮೊದಲು ನಾವೇ ಒಮ್ಮೆ ಪರೀಕ್ಷೆ ಮಾಡುವುದೆಂದಾಯಿತು. ಹಡಗು ಹತ್ತಿದ ಸರಕಿನದೇ ಒಂದು ಡಬ್ಬವನ್ನು ಮಾದರಿಗಾಗಿ ವಂಡ್ಸೆಯಲ್ಲೇ ತೆಗೆದಿಟ್ಟಿದ್ದರು. ಅದನ್ನು ತೆಗೆದುಕೊಂಡು, ಸಾಕ್ಷಿಗೆ ಲಚ್ಚಕ್ಕನನ್ನೂ ಕರೆದುಕೊಂಡು ಗಿರಿಜಕ್ಕ ಬಂದರು. ನಾನು ಮೊದಲೇ ಹೇಳಿದ ಮಧ್ಯಾಹ್ನ ಅದು.

ಡಬ್ಬದಿಂದ ಮೂಗು ಹೊರಗೆ ಬಂತು. ಐತಾಳರು ಕನ್ನಡಕ ಮತ್ತೆ ಹಾಕಿಕೊಂಡರು. ಡಬ್ಬವನ್ನು ನನ್ನ ಕಡೆ ತಳ್ಳಿದರು.

"ಎಂತ ವಾಸ್ನೆ ಬತ್ತ್ ಹೆಣ್ಣೆ?"

"ಗೇರುಬೀಜದ್ದ್, ಸಾರ್."

"ಮತ್ತೆ?"

"ಮತ್ತೆಂತದೂ ಇಲ್ಲೆ."

ನಾನು ಮರವಂತೆಯ ಮೀನುಗಾರರ ಮನೆಯವಳು ಎಂಬುದು ಆಗ ನನಗೇ ನೆನಪಿರಲಿಲ್ಲ. ಗಿರಿಜಕ್ಕ ಮೂಸಿದರು, ಏನೂ ಇಲ್ಲ. ಲಚ್ಚಕ್ಕ ಮೂಸಿ, "ಪರ್ಮಳ ಅಂದ್ರೆ ಇದ್!" ಎಂದರು.

ಐತಾಳರು ತುಂಬ ಮೆತ್ತಗೆ ಕೇಳಿದರು. "ಲಚ್ಚಕ್ಕ, ಆಸಾಡಿ ಮಳೆಗೆ ನಿಮ್ಮನಿ ಒಣ ಚಟ್ಲಿ ತಂಡಿ ಆರೆ ಎಲ್ಲಿ ಒಣ್ಸುದ್?"

ಚಟ್ಲಿ ಎಂದರೆ ಸಿಗಡಿ. ಸೂರ್ಯ ಎಲ್ಲಿ ಹುಟ್ಟುತ್ತಾನೆ ಎಂದು ಕೇಳಿದ ಹಾಗೆ ಲಚ್ಚಕ್ಕ ಅವರ ಮುಖ ನೋಡಿದರು. "ಎಲ್ಲಂದ್ರೆ? ಬೋರ್ಮಾದಗೆ!" ಬೋರ್ಮಾ ಎಂದರೆ ಕಾರ್ಖಾನೆಯಲ್ಲಿ ಬೀಜದ ಒಳಸಿಪ್ಪೆ ಬಿಡಿಸುವ ಮೊದಲು ಕಾಯಿಸುವ ಬಿಸಿ ಕೋಣೆ. "ಮಳಿಗಾಲ್ದಗೆ ಬಿಸ್ಲ್ ಎಲ್ಲಿತ್ತ್ ಐತಾಳ್ರೆ? ಮೇಲಿನ್ ಹಲ್ಗಿ ಖಾಲಿ ಇರತ್ತ್. ಎಲ್ಲ್ರೂ ಅಲ್ಲೇ ಇಡುದ್. ಗಿರಿಜಕ್ಕನ್ ಮನಿದೂ ಅಲ್ಲೇ ಒಣ್ಗುದ್!"

ಹಡಗನ್ನೇ ಹತ್ತದ ಡಬ್ಬಕ್ಕೆ ಹಡಗಿನ ವಾಸನೆ ಬರುವುದು ಹೇಗೆ?

ಗಿರಿಜಕ್ಕ ಮುಚ್ಚಳ ಒತ್ತಿದರು. "ಕಂಡದ್ದ್ ನಾವ್ ನಾಲ್ಕೇ ಜನ. ಲಂಡನ್ನಿಗ್ ಹೋಪ. ಅಲ್ಲಿ ಕಾನೂನಗೆ ಗೆದ್ರಾಯ್ತ್."

ಐತಾಳರು ತಿರುಗಿ ಗೋಡೆಯನ್ನು ನೋಡಿದರು. ಒಂದು ಜೀವಮಾನದ ಕೇಸು ಮೇಜಿನ ಮೇಲಿತ್ತು, ಪಾಸ್‌ಪೋರ್ಟು ಡ್ರಾವರಿನಲ್ಲಿ. ಇಂಗ್ಲೆಂಡಿನ ಸಾಲಿನ ಮೇಲೆ ಅವರ ಬೆರಳು ಸ್ವಲ್ಪ ಹೊತ್ತು ನಿಂತು, ಆ ಒಂದೇ ಮಾತಿನ ಕಾಲಮಿಗೆ ಸರಿಯಿತು.

"ಗಿರಿಜಮ್ಮ, ಮೂವತ್ತೊಂದ್ ದೇಶದಗೂ ಇದೊಂದ್ ಬದಲಾಪುದಿಲ್ಲೆ. ಇಬ್ರ್ ಮಾತೂ ಕೇಳ್ಕ್. ಆ ಪೀಟರ್ ಹೇಳದ್ದನ್ನ ನಾವ್ ಯಾರಾರೂ ಇಲ್ಲಿವರಿಗೆ ಕೇಂಡಿತಾ? ನಾನೂ ಕೇಣ್ಲಿಲ್ಲೆ. ಲಂಡನ್ ಆಸಿ ನಂಗೆ."

"ನೀವ್ ಯಾರ್ ಬದಿ ವಕೀಲ್ರ್?"

"ನಿಮ್ ಬದಿಯೇ. ಅದ್ಕೇ ಮೊದ್ಲ್ ನಾನ್ ಮೂಸದ್ದ್. ಅಲ್ಲಿ ಹೋಯಿ ಅವ ಮೂಸಿರೆ ಸರಕ್ ಹೋತ್ತ್, ಹೆಸ್ರೂ ಹೋತ್ತ್."

ಲಚ್ಚಕ್ಕನಿಗೆ ಈಗ ವಿಷಯ ಹೊಳೆಯಿತು. ಸೆರಗು ಬಾಯಿಗಿಟ್ಟು, "ಅಯ್ಯೋ ದೇವ್ರೆ, ಚಟ್ಲಿ ರುಚಿ ಗೊತ್ತಿಲ್ದಿದ್ ಐತಾಳ್ರಿಗೆ ವಾಸ್ನೆ ಮಾತ್ರ ಗೊತ್ತಿತ್ತಲೆ!" ಎಂದರು. ಮೊದಲು ನಕ್ಕದ್ದು ಐತಾಳರು. ಆಮೇಲೆ ಗಿರಿಜಕ್ಕನೂ ತಡೆಯಲಾರದೆ, ಕಣ್ಣೀರು ಒರೆಸಿಕೊಂಡೇ ನಕ್ಕರು.

ಪೀಟರಿಗೆ ವೀಡಿಯೋ ಕರೆ ಮಾಡಿದೆವು. ಗಿರಿಜಕ್ಕ ಒಂದೂ ಮುಚ್ಚಿಡದೆ ಹೇಳಿದರು, ಐತಾಳರು ಇಂಗ್ಲಿಷಿಗೆ ತಿರುಗಿಸಿದರು. ಚಟ್ಲಿಯ ಮಾತು ಬಂದಾಗ ಆ ಕಡೆಯಿಂದ ಪರದೆ ಅಲುಗುವಂಥ ನಗು. ಪೀಟರನ ಅಜ್ಜಿಯೂ ಕಡಲ ದಡದ ಊರಿನವಳಂತೆ. ಒಲೆಯ ಮೇಲೆ ಹಗ್ಗ ಕಟ್ಟಿ ಮೀನು ಒಣಗಿಸುತ್ತಿದ್ದಳಂತೆ. "ಅಜ್ಜಿಯ ಅಡುಗೆಮನೆಯ ವಾಸನೆ ವಂಡ್ಸೆಯಿಂದ ಹೇಗೆ ಬಂತು ಎಂದು ನನಗೆ ತಲೆ ಕೆಟ್ಟಿತ್ತು" ಎಂದ. ಮುಂದಿನ ಹಡಗಿಗೆ ಹೊಸ ಸರಕು ಎಂದು ಮಾತಾಯಿತು. ಪಂಚರೂ ಬೇಡ, ಲಂಡನ್ನೂ ಬೇಡ.

ಗಿರಿಜಕ್ಕ ಕಾರ್ಖಾನೆಯ ಹಿಂದೆ ಹೆಂಗಸರ ಚಟ್ಲಿಗೆಂದೇ ಒಂದು ಪುಟ್ಟ ಬಿಸಿಕೋಣೆ ಕಟ್ಟಿಸಿದರು. ಆ ಮಾದರಿ ಡಬ್ಬದ ಬೀಜವನ್ನು ನಾನೂ ಕೆಳಗಿನ ಹೋಟೆಲಿನವರೂ ಸೇರಿ ಖಾಲಿ ಮಾಡಿದೆವು. ಮೀನು ತಿಂದು ಬೆಳೆದ ನಮ್ಮಲ್ಲಿ ಒಬ್ಬರಿಗೂ ಏನೂ ವಾಸನೆ ಬರಲಿಲ್ಲ. ಐತಾಳರು ಗೋಡೆಯ ಕೆಳಗಡೆ ಮೂವತ್ತೆರಡನೆಯ ಸಾಲು ಎಳೆದು 'ಕುಂದಾಪುರ' ಎಂದು ಬರೆದರು. ಪಂಚಾತಿಕೆ ಶುರುವಾಗುವುದು ಹೇಗೆ ಎಂಬ ಕಾಲಮಿನಲ್ಲಿ ಬರೆದದ್ದು: 'ಮೊದಲು ಸ್ವಂತ ಡಬ್ಬ ಮೂಸುವುದು.'

ಲಂಡನ್ ತಪ್ಪಿದ್ದಕ್ಕೆ ಬೇಸರವೇ ಎಂದು ಕೇಳಿದ್ದೆ. "ಎಂತ ಬೇಜಾರ್? ಗಿರಿಜಮ್ಮ ಚಳಿಗ್ ಹೋಪುದ್ ತಪ್ಪಿತಲೆ. ನಂಗ್ ಸ್ವೆಟರ್ ಉಳೀತ್" ಎಂದರು. ಅದನ್ನು ದಂಡ ಮಾಡಬಾರದೆಂದು ಕುಂದಾಪುರದ ಡಿಸೆಂಬರಿನಲ್ಲಿ, ಎಲ್ಲರೂ ಬೀಸಣಿಗೆ ಹುಡುಕುವ ಹೊತ್ತಿಗೆ, ಬೆವರುತ್ತಾ ಹಾಕಿಕೊಂಡು ಬರುತ್ತಿದ್ದರು. ನಾನು ಅವರನ್ನು ಕೊನೆಯ ಸಲ ಕಂಡದ್ದೂ ಹಾಗೆಯೇ. ಸಾಲಿಗ್ರಾಮದ ಬಸ್ಸಿನ ಕಿಟಕಿಯಲ್ಲಿ ಮರೂನು ಸ್ವೆಟರು, ಹೊರಗೆ ಚಾಚಿದ ಮೂಗು. "ನಾಳೆ ಬತ್ತೆ. ನೀ ಇವತ್ತೇ ಗೋಳಿಬಜೆ ತರ್ಸ್, ಎಣ್ಣೆ ಹೊಸ್ತ್" ಎಂದರು. ಆ ಸಂಜೆ ಮನೆಯ ಜಗಲಿಯಲ್ಲಿ ಕೂತಲ್ಲೇ ಹೋದರು.

ಮಾರನೇ ಮಳೆಗಾಲದಲ್ಲಿ ಗಿರಿಜಕ್ಕ ಹೊಸ ಕರಾರು ಹಿಡಿದು ಮೆಟ್ಟಿಲು ಹತ್ತಿದರು. ಪಂಚಾತಿಕೆಯ ಊರು ಎಂಬ ಗೆರೆಯ ಮೇಲೆ ಈ ಸಲ ಪೀಟರನೇ ಅಚ್ಚು ಹಾಕಿಸಿ ಕಳಿಸಿದ್ದ: ಕುಂದಾಪುರ, ಭಾರತ. ನಾನು ಕೊನೆಯ ಪುಟದ ಸಣ್ಣಕ್ಷರದವರೆಗೂ ಓದಿ ಪೆನ್ನು ಕೊಟ್ಟೆ. ಗಿರಿಜಕ್ಕ ಪೆನ್ನು ಮುಟ್ಟಲಿಲ್ಲ. ಮೊದಲು ಕಾಗದವನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ಒಮ್ಮೆ ಮೂಸಿದರು. ಆಮೇಲೆ ಸಹಿ ಹಾಕಿದರು.