ಒಳಗೆ ಕರೆಯದ ಮನೆಯ ಮುಂದೆ ಒಂಬತ್ತು ಬೆಳಗು

ಬೆಳಗಿನ ಜಾವ ನಾಲ್ಕೂವರೆ. ಲಂಬುಯಾನ್ ಪಟ್ಟಣದ ಹಳೇ ಬಂದರು ಓಣಿಯಲ್ಲಿ, ಒಂದು ಮರದ ಮನೆಯ ಮುಂದೆ ಸೆಕುಂದಿನಾ ರೆವಾಲೆ ಛತ್ರಿ ಹಿಡಿದು ನಿಂತಿದ್ದಾರೆ. ತೀರಿಹೋದ ಬಿನಿಂಗಜ್ಜಿಗಾಗಿ ಒಳಗೆ ಜಪ ನಡೆದಿದೆ. ಇವತ್ತು ಒಂಬತ್ತನೆಯ ದಿನ, ಕೊನೆಯ ದಿನ. ಒಬ್ಬಳು ಮೊದಲರ್ಧ ಸಾಲು ಹೇಳಿದರೆ ಉಳಿದವರು ಇನ್ನರ್ಧ ಹೇಳಿ ಮುಗಿಸುತ್ತಾರೆ. ಸೆಕುಂದಿನಾ ಆ ಇನ್ನರ್ಧವನ್ನು ಬೀದಿಯಲ್ಲಿ ನಿಂತೇ ಹೇಳುತ್ತಿದ್ದಾರೆ. ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು, "ಏನ್ ಮನಾಯ್, ಒಳಗೆ ಕುರ್ಚಿ ಖಾಲಿ ಇಲ್ವಾ?" ಎಂದು ಕಿಚಾಯಿಸುತ್ತಾಳೆ. ಮನಾಯ್ ಅಂದರೆ ನಮ್ಮಲ್ಲಿ ಅಕ್ಕ. "ನಿನ್ನ ಮೀನು ನಾರ್ತಾ ಇದೆ, ನಡಿಯೇ ಮುಂದೆ!" ಎಂದು ಗದರಿದವರು, ಒಂದು ಸಾಲೂ ತಪ್ಪದೆ ಜಪ ಮುಂದುವರಿಸುತ್ತಾರೆ.

ವಿಪರ್ಯಾಸ ನೋಡಿ, ನಲವತ್ತೊಂದು ವರ್ಷದಿಂದ ಈ ಊರಿನ ಸಾವಿನ ಮನೆಗಳಲ್ಲಿ ಮೊದಲರ್ಧ ಹೇಳುತ್ತ ಬಂದವರೇ ಅವರು. ಪಾದ್ರಿಗಳು ಮಣ್ಣಿನ ದಿನ ಬಂದು ಹೋಗುತ್ತಾರೆ. ಆಮೇಲಿನ ಒಂಬತ್ತು ದಿನ, ನಲವತ್ತನೆಯ ದಿನ, ವರ್ಷದ ದಿನ ಎಲ್ಲ ಸೆಕುಂದಿನಾ ಪಾಲಿಗೆ. ದಿನಕ್ಕೆ ಎರಡು ಮನೆ. ನವೆಂಬರ್ ಬಂತೆಂದರೆ ಐದಾರು. ಅರವತ್ತೆಂಟರ ವಯಸ್ಸಿನಲ್ಲಿ ಒಂದೊಂದು ಮನೆಯಲ್ಲೂ ಮುಕ್ಕಾಲು ಗಂಟೆ ಮಂಡಿಯೂರಬೇಕು. ಸಿಗುವುದು ಒಂದಿಷ್ಟು ಅಕ್ಕಿ, ತೆಂಗಿನಹಾಲಲ್ಲಿ ಬೇಯಿಸಿದ ಕೆಸುವಿನೆಲೆ, ಉರಿದು ಉಳಿದ ಮೇಣದಬತ್ತಿ. ನನ್ನಪ್ಪ ಹೋದಾಗಲೂ ಅವರೇ ಬಂದಿದ್ದರು. ನಾವೇನು ಕೊಟ್ಟೆವೋ ನೆನಪಿಲ್ಲ. ಬರೆಯಲು ನಾಚಿಕೆಯಾಗುತ್ತದೆ.

ಒಂದು ಕಾಲಕ್ಕೆ ನಮ್ಮ ಬಂದರಿನಿಂದ ಹಗ್ಗ ಹೊಸೆಯುವ ಅಬಾಕಾ ನಾರು ಹಡಗುಗಟ್ಟಲೆ ಹೋಗುತ್ತಿತ್ತು. ನೈಲಾನ್ ಹಗ್ಗ ಬಂತು, ನಾರು ಕೇಳುವವರಿಲ್ಲವಾದರು. ಗಂಡಸರು ಊರೂರಿನ ಹಡಗುಗಳಲ್ಲಿ ಕೂಲಿಗೆ ಹೋದರು. ಹಿಂದೆ ನಮ್ಮನ್ನಾಳಿದ ಸ್ಪೇನಿನವರು ಮನೆತನದ ಹೆಸರುಗಳ ಪಟ್ಟಿ ಹಂಚುವಾಗ ನಮ್ಮೂರಿಗೆ ಬಂದದ್ದು ಒಂದೇ ಅಕ್ಷರದ ಹಾಳೆ. ಹಾಗಾಗಿ ಊರೆಲ್ಲ ರೆವಾಲೆ, ರೆದಿಲ್ಯಾಸ್, ರೆಬಾಂಕೋಸ್. ಯುದ್ಧದಲ್ಲಿ ಪುರಸಭೆ ಸುಟ್ಟು ದಾಖಲೆಗಳೆಲ್ಲ ಬೂದಿಯಾದವು. ಯಾರ ತಾತ ಯಾರು ಎಂದು ತಿಳಿಯಬೇಕಾದರೆ ಈಗ ಸೆಕುಂದಿನಾ ಮತ್ತು ಅವರ ತಾಯಿ ಮನೆಮನೆಯ ಸತ್ತವರ ಹೆಸರು ಬರೆದಿಟ್ಟ ಹನ್ನೊಂದು ನೋಟ್‌ಬುಕ್ಕುಗಳೇ ಗತಿ. "ಪುರಸಭೆಯವರೂ ಕೇಳ್ಕೊಂಡು ಬರ್ತಾರೆ. ಬರೋವಾಗ ಒಂದು ಪೆನ್ನಾದ್ರೂ ತರಬಾರ್ದಾ?" ಎಂದು ಅವರು ನಗುತ್ತಾರೆ.

ಹಾಗಿರುವ ಹೆಂಗಸು ಈ ಮನೆಯ ಹೊರಗೆ ಯಾಕೆ ನಿಂತಿದ್ದಾರೆ? ಊರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಅವರೇ ಹೇಳುತ್ತಾರೆ.

ಬಿನಿಂಗಜ್ಜಿಗೆ ಒಬ್ಬನೇ ಮಗ, ಎಲ್ಪಿದಿಯೊ ರೆದಿಲ್ಯಾಸ್. ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ. ಇಪ್ಪತ್ತನಾಲ್ಕು ವರ್ಷದ ಹಿಂದೆ ಆ ಹಡಗು ಒಂದು ಬಂದರು ಬಿಟ್ಟಿತು, ಇನ್ನೊಂದನ್ನು ಮುಟ್ಟಲಿಲ್ಲ. ಪ್ರತಿ ನವೆಂಬರಿನಲ್ಲಿ ಸತ್ತವರ ಹಬ್ಬದ ಬೆಳಿಗ್ಗೆ ಸ್ಮಶಾನದಲ್ಲಿ ಎಲ್ಲ ಮನೆಯವರೂ ತಮ್ಮ ತಮ್ಮವರ ಹೆಸರು ಚೀಟಿಯಲ್ಲಿ ಬರೆದು ಕೊಡುತ್ತಾರೆ, ಸೆಕುಂದಿನಾ ಗಟ್ಟಿಯಾಗಿ ಓದುತ್ತಾರೆ. ಅಲ್ಲಿ ಓದಿದರೆ ಮುಗಿಯಿತು, ಊರು ಆ ಮನುಷ್ಯನ ಆಸೆ ಬಿಟ್ಟಂತೆ. ತಾಯಿ ಮಗನ ಹೆಸರು ಕೊಡಲೇ ಇಲ್ಲ. ಎರಡು ವರ್ಷ ಕಾದ ಹೆಂಡತಿ ಕೊಟ್ಟಳು.

"ಕಣ್ಣು ತಪ್ಪಿ ಓದಿದ್ದಲ್ಲ ತಮ್ಮಾ," ಎನ್ನುತ್ತಾರೆ ಸೆಕುಂದಿನಾ. "ಚೀಟಿ ನೋಡ್ದೆ. ಅಜ್ಜಿ ಎದುರಿಗೇ ನಿಂತಿದ್ರು. ಓದಿಬಿಟ್ರೆ ಒಂದ್ಸಲ ಅತ್ತು ಹಗುರಾಗ್ತಾರೆ, ಆ ಹುಡುಗಿಗೂ ಒಂದು ದಾರಿ ಆಗ್ತದೆ ಅನ್ನಿಸ್ತು. ಹಾಗನ್ನಿಸೋಕೆ ನಾನ್ಯಾರು? ಓದಿಬಿಟ್ಟೆ."

ಬಿನಿಂಗಜ್ಜಿ ಅಳಲಿಲ್ಲ. ಜನರನ್ನು ಸರಿಸಿಕೊಂಡು ಬಂದು, "ಸಮುದ್ರ ಇನ್ನೂ ಏನೂ ಹೇಳಿಲ್ಲ. ನನ್ನ ಮಗನ್ನ ಕೊಂದೋಳು ನೀನು. ನಾನು ಸತ್ರೂ ನನ್ನ ಹೊಸಿಲು ತುಳೀಬೇಡ," ಎಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುವರ್ಷ ಸೊಸೆ ಬೇರೆ ಮದುವೆಯಾದಳು, ಮಗಳು ಅರ್ಲೀನ್ ಅಜ್ಜಿಯ ಬಳಿಯೇ ಉಳಿದಳು. ಅಜ್ಜಿ ಪ್ರತಿ ವರ್ಷ ಮಗನಿಗೆಂದು ಒಂದು ಅಂಗಿ ಹೊಲಿಸುತ್ತಿದ್ದರು. ವಯಸ್ಸಾಗಿರುತ್ತದಲ್ಲ ಎಂದು ದರ್ಜಿ ವರ್ಷ ವರ್ಷವೂ ಹೊಟ್ಟೆಯ ಕಡೆ ಸ್ವಲ್ಪ ಸಡಿಲ ಬಿಡುತ್ತಿದ್ದ.

ಸೆಕುಂದಿನಾ ಏಳು ಸಲ ಆ ಬಾಗಿಲು ತಟ್ಟಿದ್ದಾರೆ. ಏಳು ಸಲವೂ ಮೇಲಿನ ಕಿಟಕಿ ಮುಚ್ಚಿಕೊಂಡಿದೆ. "ಹೋದ ತಿಂಗಳು ಅಜ್ಜಿ ಹಾಸಿಗೆ ಹಿಡಿದಾಗ ಹೋಗ್ಬೇಕಿತ್ತು. ಬೈದ್ರೂ ಸರಿ, ಉಗಿದ್ರೂ ಸರಿ, ಕಾಲು ಹಿಡ್ಕೋಬೇಕಿತ್ತು. ನಾಳೆ ನಾಳೆ ಅಂದೆ. ಊರಿನ ಸಾವಿಗೆಲ್ಲ ಮೊದಲು ಓಡ್ತೀನಿ, ಬದುಕಿದ್ದೋರ ಮುಂದೆ ನಿಲ್ಲೋಕೆ ಕಾಲು ಬರಲ್ಲ ನೋಡು ನಂಗೆ."

ಜಪ ಮುಗಿಯುತ್ತದೆ. ಒಳಗೆ ಆ ಮನೆಯಲ್ಲಿ ತೀರಿಹೋದವರ ಹೆಸರು ಓದುತ್ತಾರೆ. ಸೆಕುಂದಿನಾ ಛತ್ರಿ ಮಡಚಿ ಗೋಡೆಗೆ ಹತ್ತಿರ ಸರಿಯುತ್ತಾರೆ. ಅಜ್ಜಿಯ ಗಂಡ, ಇಬ್ಬರು ತಂಗಿಯರು, ಕೊನೆಗೆ ಅಜ್ಜಿ. ಅಲ್ಲಿಗೆ ನಿಲ್ಲುತ್ತದೆ. ಸೆಕುಂದಿನಾ ಹಿಡಿದಿಟ್ಟ ಉಸಿರು ಬಿಡುತ್ತಾರೆ.

ಅರ್ಲೀನ್ ಬಾಳೆಲೆಯಲ್ಲಿ ಬೆಲ್ಲ ಹಾಕಿದ ಅಂಟಕ್ಕಿ ಅನ್ನ ಹಿಡಿದು ಹೊರಗೆ ಬರುತ್ತಾಳೆ. "ಅಜ್ಜಿ ನಿಮ್ಮನ್ನ ಒಳಗೆ ಬಿಡಬೇಡ ಅಂದಿದ್ರು ಮನಾಯ್. ಹೊರಗೆ ತಂದು ಕೊಡಬೇಡ ಅಂತೇನೂ ಅಂದಿರಲಿಲ್ಲ."

"ಕೊನೇಲಿ ನನ್ನ ಬೈದ್ರಾ ಮಗಾ?"

"ಇಲ್ಲ. ನಿಮ್ಮ ಮಾತೇ ಎತ್ತಲಿಲ್ಲ."

ಸೆಕುಂದಿನಾ ಎರಡೂ ಕೈಯಲ್ಲಿ ಎಲೆ ಇಸಿದುಕೊಳ್ಳುತ್ತಾರೆ. "ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ. ಪತ್ರಿಕೆಯವನಲ್ಲವೇ, ಏನಾದರೂ ಕೇಳಬೇಕಲ್ಲ. ಇಷ್ಟು ವರ್ಷದ ಸೇವೆಗೆ ಊರಿನಿಂದ ಏನು ಬಯಸುತ್ತೀರಿ ಎಂದು ಕೇಳುತ್ತೇನೆ.

"ಸನ್ಮಾನ ಗಿನ್ಮಾನ ಏನೂ ಬೇಡಪ್ಪ." ಅವರ ಕಣ್ಣು ನನ್ನ ಕೈಯಲ್ಲಿರುವ ಟಿಪ್ಪಣಿ ಪುಸ್ತಕದ ಮೇಲಿದೆ. "ಅಲ್ಲಾ, ಪತ್ರಿಕೇಲಿ ಎಲ್ಪಿದಿಯೊ ಹೆಸರೂ ಬರ್ತದಾ?"

"ಬರುತ್ತೆ ಮನಾಯ್."

"ಊರೆಲ್ಲ ಓದ್ತದೆ ಹಾಗಾದ್ರೆ. ನನ್ನ ಬಗ್ಗೆ ಏನ್ ಬೇಕಾದ್ರೂ ಬರ್ಕೋ. ಅವನು ಸತ್ತ ಅಂತ ಮಾತ್ರ ಬರೀಬೇಡ ತಮ್ಮಾ. ಇನ್ನೂ ಬಂದಿಲ್ಲ ಅಂತ ಬರಿ."