ಗೋಡೆಯ ಮೇಲಿನ ನಲವತ್ತೇಳು

ಅಣೆಕಟ್ಟಿನ ಹಿನ್ನೀರು ಇನ್ನೂ ನಮ್ಮೂರ ಅಗಸಿ ಬಾಗಿಲನ್ನು ಮುಟ್ಟಿರದ ಕಾಲವದು. ಗಲಗಲಿಯ ಆಚೆ, ಕೃಷ್ಣೆಯ ದಂಡೆಯಲ್ಲಿದ್ದ ನಮ್ಮೂರಿನ ಮಕ್ಕಳ ಬಾಯಲ್ಲಿ ಆ ವರ್ಷ ಒಂದೇ ಮಾತು: “ನಿಮ್ಮ ಮನಿ ನಂಬರ್ ಎಷ್ಟಲೇ?” ಮುಳುಗಡೆಯ ಸಾಹೇಬರು ಬಂದು ಮನೆಮನೆಯ ಗೋಡೆಗೆ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋಗಿದ್ದರು. ನಂಬರಿದ್ದವರಿಗೆ ಹೊಸ ಊರಿನಲ್ಲಿ ಜಾಗ. ಊರಾಚೆ ಗುಡಿಸಲು ಹಾಕಿಕೊಂಡು ಬುಟ್ಟಿ ಹೆಣೆಯುತ್ತಿದ್ದ ನಮಗೆ ಬರೆಯಲಿಲ್ಲ.

“ನಾ ಇಲ್ಲೇ ಹುಟ್ಟೇನ್ರಿ ಸಾಹೇಬ್ರ,” ಅಂದ ಅಪ್ಪ.

“ಜಾಗದ ಕಾಗದ ತೋರ್ಸು,” ಅಂದರು ಅವರು. ಅಪ್ಪನ ಹತ್ತಿರ ಎಲ್ಲಿಯ ಕಾಗದ?

ನನ್ನ ಜತೆ ಓದುತ್ತಿದ್ದ ನೀಲವ್ವನ ಮನೆಗೆ ನಲವತ್ತೇಳು. ಅವಳ ಕಾಲ್ಗೆಜ್ಜೆಗೆ ಎಂದೂ ಆಸೆಪಡದ ನನಗೆ ಆ ಎರಡು ಅಂಕಿ ಕಂಡರೆ ಹೊಟ್ಟೆ ಧಗಧಗ ಉರಿಯುತ್ತಿತ್ತು.

ನಾಗರ ಪಂಚಮಿಗೆ ಅವರ ಗೋಡೆ ಸಾರಿಸಲು ಪ್ರತಿವರ್ಷ ನಮ್ಮವ್ವನೇ ಹೋಗುತ್ತಿದ್ದಳು. ಆ ಸಲ ನನ್ನನ್ನೂ ಕರೆದುಕೊಂಡು ಹೋಗಿ, ನಂಬರಿನ ಸುತ್ತ ಗೇಣು ಜಾಗ ಬಿಟ್ಟು ಸಾರಿಸಿದಳು. ಒಳಗಿನಿಂದ ಹುರಿದ ಎಳ್ಳು, ಬೆಲ್ಲದ ಪಾಕದ ಘಮ. ಅವ್ವ ನೀರಿಗೆ ಹೋದದ್ದೇ ತಡ, ಒಂದು ಬೊಗಸೆ ಸಗಣಿ-ಮಣ್ಣು ತೆಗೆದು ನಲವತ್ತೇಳರ ಮೇಲೆ ಬಳಿದುಬಿಟ್ಟೆ. ಎಂಥ ಸಮಾಧಾನ ಅನ್ನುತ್ತೀರಿ!

ನೀಲವ್ವನ ತಾಯಿ ಹೌಹಾರಿ, ನೀರು ಹೊತ್ತು ಬಂದ ಅವ್ವನ ಮೇಲೆ ಕೂಗಿದಳು. “ಏನ್ ಮಾಡಿದಿ ಬೇ ದುರಗವ್ವಾ! ನಮ್ಮ ಜಾಗಾ ಹೋತಲ್ಲ!”

ಅವ್ವ ನನ್ನ ಸಗಣಿ ಕೈ ನೋಡಿದಳು. “ತಪ್ಪಾತ್ರಿ ಎವ್ವಾ, ಕಣ್ಣು ಕಾಣಲಿಲ್ಲ,” ಎಂದು ತನ್ನ ಮೇಲೇ ಹಾಕಿಕೊಂಡಳು. ನಾನು ಕೈ ಬೆನ್ನ ಹಿಂದೆ ಅಡಗಿಸಿದೆ.

ನೀಲವ್ವನ ಅಪ್ಪ ನಕ್ಕ. “ಎಣ್ಣಿ ಬಣ್ಣ ಐತಿ, ಎಲ್ಲಿ ಹೋಗತೈತಿ? ಸಾಹೇಬ್ರ ಬುಕ್ಕಿನ್ಯಾಗೂ ಬರಕೊಂಡಾರ.” ಒಂದು ಕೊಡ ನೀರು ಸುರಿದದ್ದಕ್ಕೆ ನಲವತ್ತೇಳು ಮೊದಲಿಗಿಂತ ಕೆಂಪಗೆ ಹೊಳೆಯಿತು. ಪ್ರತಿವರ್ಷದ ಎಳ್ಳುಂಡಿ ಆ ವರ್ಷ ಅವ್ವನ ಸೆರಗಿಗೆ ಬೀಳಲಿಲ್ಲ.

ನೀರು ಬಂತು. ಅವರು ಹೊಸ ಊರಿಗೆ ಹೋದರು, ನಾವು ಬೀಳಗಿ ರಸ್ತೆಯ ಬದಿಗೆ. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದಲ್ಲೆಲ್ಲ “ಯಾವೂರು?” ಎಂದು ಕೇಳುತ್ತಿದ್ದರು. ಅಪ್ಪ ನೀರಿನ ಕಡೆ ಕೈ ತೋರಿಸುತ್ತಿದ್ದ. ಹೆಸರು ಸೇರಲು ವರ್ಷಗಳೇ ಹಿಡಿದವು.

ಈಗ ನನಗೆ ನೌಕರಿಯಿದೆ, ಮನೆಯಿದೆ, ಎಲ್ಲ ಕಾರ್ಡುಗಳೂ ಇವೆ. ಮೊನ್ನೆ ಬನಹಟ್ಟಿ ಬಸ್ ನಿಲ್ದಾಣದಲ್ಲಿ ನೀಲವ್ವ ಸಿಕ್ಕಳು. ಮಗನ ನೌಕರಿಗೆ ಅರ್ಜಿ ಹಾಕಲು ಹೊರಟಿದ್ದಳು, ಕೈಯಲ್ಲಿ ನೌಕರಿಗೆ ಮೀಸಲಾತಿ ಕೊಡಿಸುವ ಮುಳುಗಡೆಯ ಸರ್ಟಿಫಿಕೇಟು. “ನಮ್ಮೂರು ಹೋತಲ್ಲ ಬೇ,” ಎಂದು ಕಣ್ಣೊರೆಸಿಕೊಂಡಳು. ನಾನೂ ಅತ್ತೆ. ಆದರೆ ಖರೆ ಹೇಳುತ್ತೇನೆ, ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಊರು ಕಳೆದುಕೊಂಡವಳೆಂದು ಅವಳಿಗೆ ಸರಕಾರವೇ ಬರೆದುಕೊಟ್ಟಿದೆ. ನನ್ನ ಊರು ಮುಳುಗಿದ್ದು ಯಾವ ಕಾಗದದಲ್ಲೂ ಇಲ್ಲ.