ಅಸೂಟಿಯ ಹೊಲದಲ್ಲಿ ಕೂಗದೆ ಕುಳಿತದ್ದು

ಗದಗಿನಿಂದ ಹೊಳೆಆಲೂರಿಗೆ ಮೂರನೇ ದರ್ಜೆಯ ಟಿಕೆಟಿಗೆ ಹದಿಮೂರಾಣೆ ಕೊಟ್ಟು ಬೆಳಗಿನ ರೈಲು ಹತ್ತಿದೆ. ಒಂದು ಕಡೆ ಕೂತು ಗೊತ್ತಿಲ್ಲದ ಮನುಷ್ಯ ನಾನು. ಪ್ರತಿ ಸ್ಟೇಶನ್ನಿನಲ್ಲೂ ಇಳಿದು ಹತ್ತುತ್ತಿದ್ದೆ. ಕೊರಳಲ್ಲಿ ದುರ್ಬೀನು. ಅಸೂಟಿಯ ಸಾಲೆಯಲ್ಲಿ ಮಾಸ್ತರಿಕೆ ಮಾಡುವ ಗೆಳೆಯ ಶಿವಪ್ಪ, "ನಿನ್ನ ಹಕ್ಕಿ ಹುಚ್ಚು ನಮ್ಮ ಹುಡುಗರಿಗೂ ಒಂದಿಷ್ಟು ಹಿಡಸು" ಎಂದು ಕಾಗದ ಬರೆದಿದ್ದ. ಹೊಳೆಆಲೂರಿನಲ್ಲಿ ಮಿರ್ಚಿ, ಚಹಾ ಮುಗಿಸಿ ಚಕ್ಕಡಿ ಹಿಡಿದೆ. ಎತ್ತುಗಳ ನಡಿಗೆ ತಡೆಯಲಾಗದೆ ಅರ್ಧ ದಾರಿಗೇ ಇಳಿದು ಮುಂದೆ ನಡೆದೆ. "ಊರು ಎಲ್ಲೂ ಓಡಿ ಹೋಗೂದಿಲ್ರೀ!" ಎಂದು ಚಕ್ಕಡಿಯವನು ಹಿಂದಿನಿಂದ ಕೂಗಿದ.

ಮರುದಿನ ಬಿಸಿಲೇರುವ ಮೊದಲೇ ಹದಿನಾಲ್ಕು ಮಕ್ಕಳೊಂದಿಗೆ ಹೊರಟೆವು. ಥಂಡಿಗೆ ಎಲ್ಲರ ಮೂಗೂ ಸುರಿಯುತ್ತಿತ್ತು. ಬಿಳಿಜೋಳದ ತೆನೆ ಹಾಲು ತುಂಬಿ ನಿಂತಿತ್ತು. ಅಂಥ ದಿನಗಳಲ್ಲಿ ಇಲ್ಲಿನ ಮಕ್ಕಳಿಗೆ ಹಕ್ಕಿ ಓಡಿಸುವುದೇ ಕೆಲಸ. ಮೊದಲ ಬೆಳವ ಕಂಡದ್ದೇ ತಡ, ಹದಿನಾಲ್ಕೂ ಬಾಯಿ "ಹೋ!" ಎಂದವು, ನಾಲ್ಕು ಕವಣೆ ಗಿರ್ರನೆ ತಿರುಗಿದವು. ಬೆಳವ ಎತ್ತ ಹೋಯಿತೋ ಶಿವನೇ ಬಲ್ಲ! ನನಗೆ ಪಿತ್ತ ನೆತ್ತಿಗೇರಿತು. ಕವಣೆಗಳನ್ನೆಲ್ಲ ಕಿತ್ತು ಚೀಲಕ್ಕೆ ತುರುಕಿದೆ.

ನಾಲ್ಕನೇ ಇಯತ್ತೆಯ ನಿಂಗವ್ವ ಮಾತ್ರ ತನ್ನ ಕವಣೆ ಕೊಡಲು ಹಿಂದೆಮುಂದೆ ನೋಡಿದಳು. ಶಿವಪ್ಪ ನನ್ನನ್ನು ಬದಿಗೆ ಕರೆದು ಹೇಳಿದ: "ಇಕಿ ಅಪ್ಪ ಫಕೀರಪ್ಪ ಗಜೇಂದ್ರಗಡಕ್ಕ ಹೋಗ್ಯಾನ. ಇವತ್ತ ಹೊಲಾ ಇಕಿ ಮ್ಯಾಲೆ. ತೆನಿ ಹೋದ್ರ ಸಾಲಿ ಬಿಡಸ್ತೀನಿ ಅಂದಾನ. ಅವರ ಹೊಲದಾಗನ ಕೂತು ನೋಡೋಣು."

ಆ ಹೊಲದ ಬದುವಿನ ಮೇಲೆ ಕುಳಿತೆವು. ಎದುರಿನ ಜಾಲಿಯ ಮೇಲೆ ನೀಲಕಂಠವೊಂದು ಬಂದು ಕುಳಿತು, ಕೆಳಗೆ ಹಾರಿ ಮಿಡತೆ ಹಿಡಿದು ಮತ್ತೆ ಟೊಂಗೆಗೆ ಮರಳಿತು. ದುರ್ಬೀನು ಕೈಯಿಂದ ಕೈಗೆ ಹೋಯಿತು. "ಯವ್ವಾ! ಇದರ ರೆಕ್ಕಿ ಇಷ್ಟ ನೀಲಿ ಐತೇನ್ರಿ?" ಎಂದಳು ನಿಂಗವ್ವ. ನನಗೆ ಹಿಗ್ಗೋ ಹಿಗ್ಗು.

ಅಷ್ಟರಲ್ಲಿ ಬೆನ್ನ ಹಿಂದೆ ಜೋಳದಲ್ಲಿ ಸದ್ದಾಯಿತು. ನಿಂಗವ್ವ ನನ್ನ ತೋಳು ಜಗ್ಗಿದಳು.

"ಮಾಸ್ತರ, ಗುಬ್ಬಿ ಇಳದಾವ್ರಿ. ಒಂದ ಕೂಗ ಹಾಕ್ಲೇನ್ರಿ?"

"ಸುಮ್ನ ಕೂಡ! ನೀಲಕಂಠ ಹಾರಿ ಹೋಗ್ತೈತಿ" ಎಂದು ಗದರಿದೆ.

"ಗಿಳೀನೂ ಬಂದೂರಿ..."

"ಒಮ್ಮೆ ಹೇಳಿದ್ರ ತಿಳಿಯೂದಿಲ್ಲೇನ?"

ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕುಳಿತಳು. ನೀಲಕಂಠ ತಾನಾಗಿ ಹಾರಿಹೋದ ಮೇಲೆಯೇ ನಾನು ಹಿಂದೆ ತಿರುಗಿದ್ದು. ಆ ಬದಿಯ ಸಾಲುಗಳಲ್ಲಿ ತೆನೆಗಳೆಲ್ಲ ಬೋಳಾಗಿದ್ದವು.

ಮಧ್ಯಾಹ್ನ ಫಕೀರಪ್ಪ ಬಂದು ಸಾಲುಗುಂಟ ನಡೆದು ನೋಡಿದ. "ತಪ್ಪು ನಂದ್ರಿ, ಆಕೀದಲ್ಲ" ಎಂದೆ. "ಇರ್ಲಿ ಬಿಡ್ರಿ, ನೀವು ಪರಊರಾವ್ರು" ಎಂದವನೇ ಉಳಿದ ಎಳೆಯ ತೆನೆ ಸುಟ್ಟು, ಕಾಳು ಬಡಿದು, ಬೆಲ್ಲದ ಜೊತೆ ಸೀತನಿ ನನ್ನ ಮುಂದಿಟ್ಟ. ಮಗಳಿಗೆ, "ನಾಳಿಂದ ಸಾಲಿ ಬ್ಯಾಡ" ಎಂದ.

"ನಾಳೆ ನಾ ಕಾಯ್ತೀನ್ರಿ. ಆಕಿ ಸಾಲಿಗೆ ಹೋಗ್ಲಿ" ಎಂದೆ.

ಫಕೀರಪ್ಪ ನಕ್ಕ. "ಮತ್ತ ನಾಡದು?"

ಮರುದಿನ ಇಡೀ ದಿನ ಹೊಲದ ಮಂಚಿಕೆಯ ಮೇಲೆ ನಿಂತು ಕೂಗಿದೆ. ಕವಣೆ ಬೀಸಲು ಹೋಗಿ ನನ್ನ ಕಿವಿಗೇ ಬಡಿದುಕೊಂಡೆ. ಸಂಜೆಗೆ ಧ್ವನಿ ಬಿದ್ದಿತ್ತು. ನಿಂಗವ್ವ ಅಂದು ಸಾಲೆಗೆ ಹೋಗಿದ್ದಳು.

ಅದರ ಮರುದಿನಕ್ಕೆ ನನ್ನ ರಜೆ ಮುಗಿಯಿತು. ಹೊಳೆಆಲೂರಿನ ದಾರಿ ಆ ಹೊಲವನ್ನು ಬಳಸಿಯೇ ಹೋಗುತ್ತದೆ. ಶಿವಪ್ಪನ ಸಾಲೆಯ ಗಂಟೆ ಆಗಲೇ ಬಾರಿಸಿತ್ತು. ನಿಂಗವ್ವ ಮಂಚಿಕೆಯ ಮೇಲಿದ್ದಳು. ನನ್ನನ್ನು ಕಂಡು ಕವಣೆ ಕೆಳಗಿಟ್ಟು ಎರಡೂ ಕೈ ಎತ್ತಿದಳು.

"ಮಾಸ್ತರ! ಇವತ್ತ ಏಳ ಥರದ ಹಕ್ಕಿ ಬಂದಾವ್ರಿ! ಬರ್ರಿ, ಲಗೂ ಬರ್ರಿ!"

ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ. ರೈಲಿಗೆ ಹೊತ್ತಾಯಿತೆಂದು ಸುಳ್ಳೇ ಕೂಗಿ ಬಿರಬಿರನೆ ನಡೆದುಬಿಟ್ಟೆ.